ಕಷ್ಟದ ಲೆಕ್ಕ, ಸಲೀಸಾದ ಹಾಡು: ರಷ್ ತಂಡದ ‘ಮೂವಿಂಗ್ ಪಿಕ್ಚರ್ಸ್’

ಕೆನಡಾದ ಮೂವರ ರಾಕ್ ತಂಡ ರಷ್‌ನ ಎಂಟನೆಯ ಸ್ಟುಡಿಯೋ ಆಲ್ಬಮ್ ‘ಮೂವಿಂಗ್ ಪಿಕ್ಚರ್ಸ್’ 1981ರ ಫೆಬ್ರವರಿ 12ರಂದು ಬಿಡುಗಡೆಯಾಯಿತು. ತಂಡದ ಸ್ವಂತ ದೇಶದ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೆ ಏರಿತು, ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಮೂರನೆಯ ಸ್ಥಾನ ತಲುಪಿತು. ಮುಂದಿನ ವರ್ಷಗಳಲ್ಲಿ ಅಮೆರಿಕವೊಂದರಲ್ಲೇ 40 ಲಕ್ಷಕ್ಕೂ ಹೆಚ್ಚು ಪ್ರತಿಗಳ ಲೆಕ್ಕಕ್ಕೆ ಅದಕ್ಕೆ ಪ್ಲಾಟಿನಂ ಮನ್ನಣೆ ದೊರೆಯಿತು. ರಷ್ ತಂಡದ ಆಲ್ಬಮ್‌ಗಳಲ್ಲಿ ಇಷ್ಟು ಜನರ ಮನೆ ಸೇರಿದ್ದು ಬೇರೊಂದಿಲ್ಲ. ಈ ಯಶಸ್ಸಿಗೆ ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಇಪ್ಪತ್ತು ನಿಮಿಷದ ಹಾಡುಗಳನ್ನು ಕಟ್ಟುತ್ತಿದ್ದ ತಂಡ ರೇಡಿಯೋಗೆ ಒಗ್ಗುವಂತೆ ತನ್ನನ್ನು ಸರಳಗೊಳಿಸಿಕೊಂಡಿತು ಎಂಬುದು. ಆಲ್ಬಮನ್ನು ಗಮನವಿಟ್ಟು ಕೇಳಿದವರಿಗೆ ಈ ವಿವರಣೆ ಸಾಲದು ಅನ್ನಿಸುತ್ತದೆ. ಹಾಡುಗಳ ಅಳತೆ ಕಡಿಮೆಯಾದದ್ದು ನಿಜ. ಆದರೆ ಅವುಗಳೊಳಗಿನ ತಾಳದ ಲೆಕ್ಕ, ವಾದ್ಯಗಳ ನಡುವಿನ ಹೆಣಿಗೆ, ಒಂದು ಭಾಗದಿಂದ ಇನ್ನೊಂದಕ್ಕೆ ದಾಟುವ ತಿರುವುಗಳು ಹಿಂದಿನಷ್ಟೇ ಕಠಿಣವಾಗಿ ಉಳಿದಿವೆ. ಆ ಕಾಠಿಣ್ಯ ಕೇಳುಗರಿಗೆ ತಡೆಯಾಗದಂತೆ ನೋಡಿಕೊಳ್ಳುವುದನ್ನು ಮೂವರೂ ಈ ಹೊತ್ತಿಗೆ ಕಲಿತಿದ್ದರು. ಈ ಆಲ್ಬಮ್‌ನ ಹಿರಿಮೆ ನನಗೆ ಕಾಣುವುದು ಅಲ್ಲಿಯೇ.

ಗೆಡ್ಡಿ ಲೀ ಬೇಸ್ ಗಿಟಾರ್ ನುಡಿಸುತ್ತ, ಕೀಬೋರ್ಡನ್ನೂ ನೋಡಿಕೊಳ್ಳುತ್ತ ಹಾಡುತ್ತಾರೆ. ಗಿಟಾರ್ ಅಲೆಕ್ಸ್ ಲೈಫ್‌ಸನ್ ಅವರದು. ಡ್ರಮ್ಸ್ ಜೊತೆಗೆ ಸಾಹಿತ್ಯವೂ ನೀಲ್ ಪಿಯರ್ಟ್ ಅವರದು. 1974ರಲ್ಲಿ ಪಿಯರ್ಟ್ ಬಂದು ಸೇರಿದ ಮೇಲೆ ದಶಕಗಳ ಕಾಲ ತಂಡದಲ್ಲಿ ಯಾರೂ ಬದಲಾಗಲಿಲ್ಲ. 1976ರ ‘2112’ ಆಲ್ಬಮ್‌ನಲ್ಲಿ ಒಂದೇ ಕೃತಿ ಎಲ್‌ಪಿ ಗ್ರಾಮಫೋನ್ ತಟ್ಟೆಯ ಒಂದು ಬದಿಯನ್ನು ಪೂರ್ತಿಯಾಗಿ ಆವರಿಸಿಕೊಂಡಿತ್ತು. 1978ರ ‘ಹೆಮಿಸ್ಫಿಯರ್ಸ್’ ಆ ದಾರಿಯನ್ನು ಅದರ ತುದಿಯವರೆಗೆ ಕೊಂಡೊಯ್ದಿತು. ಅಲ್ಲಿಂದ ಮುಂದೆ ಅದೇ ದಾರಿಯಲ್ಲಿ ಹೋದರೆ ಮಾಡಿದ್ದನ್ನೇ ಮಾಡಬೇಕಾಗುತ್ತಿತ್ತು. 1980ರ ಜನವರಿಯಲ್ಲಿ ಬಂದ ‘ಪರ್ಮನೆಂಟ್ ವೇವ್ಸ್’ನಲ್ಲಿ ಐದು ನಿಮಿಷದೊಳಗೆ ಮುಗಿಯುವ ಹಾಡೊಂದರ ಮೂಲಕ ತಂಡ ಹೊಸ ದಾರಿ ಕಂಡುಕೊಂಡಿತು. ಆಮೇಲೆ ನೇರ ಕಛೇರಿಗಳ ಆಲ್ಬಮ್ ಒಂದನ್ನು ಹೊರತರುವ ಯೋಚನೆ ಇತ್ತಾದರೂ, ಕೈಯಲ್ಲಿದ್ದ ಹೊಸ ವಿಚಾರಗಳ ಹುಮ್ಮಸ್ಸಿನಲ್ಲಿ ಅದನ್ನು ಮುಂದೂಡಿ ಮತ್ತೆ ಸ್ಟುಡಿಯೋಗೆ ಹೋಗಲು ನಿರ್ಧರಿಸಿದರು. ಆ ನಿರ್ಧಾರದ ಫಲವೇ ಈ ಆಲ್ಬಮ್.

1980ರ ಬೇಸಿಗೆಯಲ್ಲಿ ಒಂಟಾರಿಯೋದ ಸ್ಟೋನಿ ಲೇಕ್ ಬಳಿಯ ತೋಟದ ಮನೆಯೊಂದರಲ್ಲಿ ಹಾಡುಗಳನ್ನು ಕಟ್ಟಿ, ಅಕ್ಟೋಬರ್ ಮತ್ತು ನವೆಂಬರ್ ತಿಂಗಳಲ್ಲಿ ಕ್ವಿಬೆಕ್ ಪ್ರಾಂತ್ಯದ ಮೊರಿನ್ ಹೈಟ್ಸ್‌ನಲ್ಲಿದ್ದ ‘ಲ ಸ್ಟುಡಿಯೋ’ದಲ್ಲಿ ಧ್ವನಿಮುದ್ರಣ ನಡೆಸಿದರು. ಬೆಟ್ಟಗುಡ್ಡಗಳ ನಡುವೆ ಸರೋವರದ ದಡದಲ್ಲಿದ್ದ ಈ ಸ್ಟುಡಿಯೋದಲ್ಲಿ ವಾದ್ಯ ನುಡಿಸುವ ಕೋಣೆಯ ದೊಡ್ಡ ಕಿಟಕಿಗಳು ನೀರಿನ ಕಡೆಗೆ ತೆರೆದುಕೊಂಡಿದ್ದವು. ನಿರ್ಮಾಣದಲ್ಲಿ ತಂಡದ ಜೊತೆಗಿದ್ದವರು 1974ರ ಮೊದಲ ಆಲ್ಬಮ್‌ನ ಕಾಲದಿಂದಲೂ ಅವರೊಂದಿಗೆ ದುಡಿಯುತ್ತಿದ್ದ ಟೆರ್ರಿ ಬ್ರೌನ್. ಧ್ವನಿ ತಂತ್ರಜ್ಞರಾಗಿ ಇದ್ದವರು ಪಾಲ್ ನಾರ್ತ್‌ಫೀಲ್ಡ್. ಡ್ರಮ್ಸ್ ನುಡಿಸುತ್ತಿರುವವನಿಗೆ ಆ ಸದ್ದು ಹೇಗೆ ಕೇಳಿಸುತ್ತದೆಯೋ ಹಾಗೆಯೇ ಅದನ್ನು ಹಿಡಿಯಲು ಪಿಯರ್ಟ್ ಎದೆಗೆ ಚಪ್ಪಟೆಯಾದ ಮೈಕ್ ಒಂದನ್ನು ಟೇಪಿನಿಂದ ಅಂಟಿಸಿ ಮುದ್ರಿಸಿದ್ದೂ ಇಲ್ಲಿಯೇ. ಈ ಬಗೆಯ ಕಾಳಜಿಯ ಪರಿಣಾಮ ಆಲ್ಬಮ್ ಉದ್ದಕ್ಕೂ ಕೇಳಿಸುತ್ತದೆ. ಡ್ರಮ್ಸ್ ಮುಂದೆ ನಿಂತು ಕೇಳಿಸಿದರೂ ಬೇರೆ ವಾದ್ಯಗಳನ್ನು ಮುಚ್ಚಿಹಾಕುವುದಿಲ್ಲ. ಬೇಸ್ ಗಿಟಾರಿನ ಪ್ರತಿಯೊಂದು ಸ್ವರವೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ. ಮೂವರೂ ಒಟ್ಟೊಟ್ಟಿಗೆ ತುಂಬ ಸ್ವರಗಳನ್ನು ನುಡಿಸುತ್ತಿರುವಾಗಲೂ ಗದ್ದಲವೆನಿಸದಿರುವುದಕ್ಕೆ ಅರ್ಧ ಕಾರಣ ನುಡಿಸಿದವರು, ಇನ್ನರ್ಧ ಕಾರಣ ಮುದ್ರಿಸಿದವರು.

ಮೊದಲ ಹಾಡು ‘ಟಾಮ್ ಸಾಯರ್’. ಓಬರ್‌ಹೈಮ್ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ಕೀಬೋರ್ಡಿನ ಗುರುಗುಟ್ಟುವ ಒಂದು ದೀರ್ಘ ಸ್ವರ ಮೇಲಿನಿಂದ ಕೆಳಗೆ ಜಾರುತ್ತ ಬರುತ್ತದೆ, ಅದರ ಜೊತೆಗೇ ಡ್ರಮ್ಸ್ ಶುರುವಾಗುತ್ತದೆ. ಪೀಠಿಕೆ ಎನ್ನುವಂಥದ್ದು ಏನೂ ಇಲ್ಲ. ಕೆಲವೇ ಕ್ಷಣಗಳಲ್ಲಿ ಗೆಡ್ಡಿ ಲೀ ಹಾಡತೊಡಗುತ್ತಾರೆ. ಹಿಂದಿನ ಆಲ್ಬಮ್‌ಗಳಲ್ಲಿ ಕೇಳುಗನನ್ನು ನಿಮಿಷಗಟ್ಟಲೆ ಕಾಯಿಸಿ ಹಾಡಿನ ಬಾಗಿಲಿಗೆ ಕರೆತರುತ್ತಿದ್ದ ತಂಡ ಇಲ್ಲಿ ನೇರವಾಗಿ ನಡುಮನೆಗೇ ತಂದು ನಿಲ್ಲಿಸುತ್ತದೆ. ಹಾಡಿನ ಮೇಲ್ಮೈ ಅತ್ಯಂತ ಸರಳ: ನಿಧಾನದ ನಡೆ, ಒತ್ತಿ ಹೇಳಿದ ಸಾಲುಗಳು, ಯಾರಾದರೂ ಜೊತೆಗೂಡಿ ಗುನುಗಬಹುದಾದ ಧಾಟಿ. ಅದರ ಕೆಳಗೆ ಪಿಯರ್ಟ್ ಹೈ-ಹ್ಯಾಟ್ ಎಂಬ ಜೋಡಿ ಲೋಹದ ತಾಳಗಳ ಮೇಲೆ ಒಂದೇ ಕೈಯಲ್ಲಿ ಪ್ರತಿ ಎಣಿಕೆಗೆ ನಾಲ್ಕರಂತೆ ಬಿಡದೆ ನುಡಿಸುತ್ತಿರುತ್ತಾರೆ. ಆ ಸಣ್ಣ ಸದ್ದು ನಿಧಾನದ ನಡೆಯೊಳಗೆ ಒಂದು ಅವಸರವನ್ನು ತುಂಬುವುದರಿಂದಲೇ ಹಾಡು ಎಲ್ಲಿಯೂ ಭಾರವಾಗುವುದಿಲ್ಲ.

ನಡುವಿನಲ್ಲಿ ವಾದ್ಯಗಳದ್ದೇ ಆದ ಭಾಗ ಬರುತ್ತದೆ. ಸಿಂಥಸೈಜರ್ ಒಂದು ಸ್ವರಗುಚ್ಛವನ್ನು ಹಿಡಿದು ಸುತ್ತತೊಡಗಿದಾಗ ಎಣಿಕೆ ಏಳಕ್ಕೆ ತಿರುಗುತ್ತದೆ. ಮಿಶ್ರ ಚಾಪು ಕೇಳಿ ರೂಢಿಯಿರುವವರು ಅಲ್ಲಿ ಕೈಯಲ್ಲಿ ತಾಳ ಹಾಕಿದರೆ ತಾವಾಗಿಯೇ ಹೊಂದಿಕೊಳ್ಳುತ್ತಾರೆ. ನಾಲ್ಕರ ಎಣಿಕೆಯಲ್ಲೇ ತಲೆಯಾಡಿಸುತ್ತಿದ್ದವರು ಮಾತ್ರ ಎಲ್ಲೋ ಏನೋ ತಪ್ಪಿತೆಂದು ಒಂದು ಗಳಿಗೆ ತಡವರಿಸುತ್ತಾರೆ. ಲೈಫ್‌ಸನ್ ಅವರ ಗಿಟಾರ್ ಏಕವಾದನ ಬರುವುದು ಈ ಬೆಸ ಎಣಿಕೆಯ ಮೇಲೆ. ಅದರ ಕೆಳಗೆ ಬೇಸ್ ಸುಮ್ಮನೆ ಆಧಾರ ಕೊಡುತ್ತ ನಿಲ್ಲದೆ ತನ್ನದೇ ಆದ ಇನ್ನೊಂದು ಏಕವಾದನವನ್ನು ನುಡಿಸುತ್ತದೆ ಎನ್ನಬೇಕು. ಆಮೇಲೆ ಪಿಯರ್ಟ್ ಡ್ರಮ್‌ಗಳ ಮೇಲೆ ಉರುಳಿಸುವ ಸರಣಿ ಹೊಡೆತಗಳು ಹಾಡನ್ನು ಮತ್ತೆ ಚರಣಕ್ಕೆ ತಂದು ಸೇರಿಸುತ್ತವೆ. ಡ್ರಮ್ಸ್ ಕಲಿಯುವವರು ದಶಕಗಳಿಂದ ಈ ಕೆಲವು ಕ್ಷಣಗಳನ್ನು ಅಭ್ಯಾಸ ಮಾಡುತ್ತಲೇ ಬಂದಿದ್ದಾರೆ. ಇಷ್ಟೆಲ್ಲ ನಡೆದೂ ಹಾಡಿನ ಅವಧಿ ನಾಲ್ಕೂವರೆ ನಿಮಿಷ. ರೇಡಿಯೋದಲ್ಲಿ ಕೇಳಿ ಮೆಚ್ಚಿದವರಲ್ಲಿ ಬಹಳ ಮಂದಿಗೆ ತಾವು ಏಳರ ತಾಳಕ್ಕೆ ತಲೆದೂಗಿದ್ದು ಗೊತ್ತೇ ಆಗಿರಲಿಕ್ಕಿಲ್ಲ.

ಇದರ ಸಾಹಿತ್ಯದ ಮೂಲ ಮ್ಯಾಕ್ಸ್ ವೆಬ್‌ಸ್ಟರ್ ಎಂಬ ಇನ್ನೊಂದು ಕೆನಡಿಯನ್ ತಂಡಕ್ಕೆ ಹಾಡು ಬರೆಯುತ್ತಿದ್ದ ಪೈ ಡುಬ್ವಾ ಅವರ ಕವಿತೆ. ಪಿಯರ್ಟ್ ಅದನ್ನು ತಿದ್ದಿ, ತಮ್ಮ ಸಾಲುಗಳನ್ನು ಸೇರಿಸಿ ರೂಪಿಸಿದರು. ಯಾರಿಗೂ ತಲೆಬಾಗದ, ಹಾಗೆಂದು ಒರಟನೂ ಅಲ್ಲದ ಆಧುನಿಕ ಯುವಕನೊಬ್ಬನ ಚಿತ್ರ ಅದರಲ್ಲಿದೆ. ಎರಡು ಕೈಗಳ ಬರಹವಾದ್ದರಿಂದಲೋ ಏನೋ, ಕೆಲವು ಸಾಲುಗಳ ಅರ್ಥ ಕೈಗೆ ಸಿಗುವುದಿಲ್ಲ. ಹಾಡಿನ ಓಟದಲ್ಲಿ ಅದು ಕೊರತೆಯಾಗಿ ಕಾಣುವುದಿಲ್ಲವಾದರೂ, ಸಾಹಿತ್ಯವನ್ನು ಕಾಗದದ ಮೇಲೆ ಓದಿದರೆ ಈ ಆಲ್ಬಮ್‌ನ ಅತಿ ಪ್ರಸಿದ್ಧ ಹಾಡೇ ಅದರ ಅತಿ ಮಸುಕಾದ ಬರಹ ಎನಿಸುತ್ತದೆ.

ಎರಡನೆಯ ಹಾಡು ‘ರೆಡ್ ಬಾರ್ಕೆಟ್ಟಾ’ ಇದಕ್ಕೆ ತೀರ ವ್ಯತಿರಿಕ್ತವಾದದ್ದು. ಇದರಲ್ಲಿ ಆದಿ, ಮಧ್ಯ, ಅಂತ್ಯಗಳಿರುವ ಒಂದು ಸ್ಪಷ್ಟ ಕಥೆಯಿದೆ. ಅಮೆರಿಕದ ‘ರೋಡ್ ಆ್ಯಂಡ್ ಟ್ರ್ಯಾಕ್’ ಪತ್ರಿಕೆಯ 1973ರ ನವೆಂಬರ್ ಸಂಚಿಕೆಯಲ್ಲಿ ಬಂದಿದ್ದ ರಿಚರ್ಡ್ ಫಾಸ್ಟರ್ ಅವರ ಸಣ್ಣಕಥೆ ಇದಕ್ಕೆ ಪ್ರೇರಣೆ. ಹಳೆಯ ಬಗೆಯ ವಾಹನಗಳನ್ನು ಕಾನೂನು ನಿಷೇಧಿಸಿರುವ ಭವಿಷ್ಯದ ಕಾಲ. ಹುಡುಗನೊಬ್ಬ ಭಾನುವಾರ ಗಡಿಬೇಲಿ ದಾಟಿ ಮಾವನ ತೋಟಕ್ಕೆ ಹೋಗುತ್ತಾನೆ. ಅಲ್ಲಿನ ಕೊಟ್ಟಿಗೆಯಲ್ಲಿ ಮಾವ ಐವತ್ತು ವರ್ಷಗಳಿಂದ ಜೋಪಾನ ಮಾಡಿಕೊಂಡು ಬಂದ ಕೆಂಪು ಕಾರಿದೆ. ಅದನ್ನು ಹೊರತೆಗೆದು ವೇಗವಾಗಿ ಓಡಿಸುತ್ತಿರುವಾಗ ದೈತ್ಯಾಕಾರದ ಹೊಸ ವಾಹನಗಳು ಬೆನ್ನಟ್ಟುತ್ತವೆ, ಒಂದೇ ವಾಹನ ದಾಟಬಹುದಾದ ಕಿರಿದಾದ ಸೇತುವೆಯ ಬಳಿ ಅವು ನಿಂತುಬಿಡುತ್ತವೆ, ಹುಡುಗ ಪಾರಾಗಿ ಮಾವನ ಬಳಿಗೆ ಮರಳುತ್ತಾನೆ.

ಕಥೆ ಹೇಳುವ ರಾಕ್ ಹಾಡುಗಳು ಬೇಕಾದಷ್ಟಿವೆ. ಇಲ್ಲಿ ವಿಶೇಷವಾದದ್ದು ಕಥೆಯ ಪ್ರತಿಯೊಂದು ಹಂತವನ್ನೂ ವಾದ್ಯಗಳು ಹೇಳುವ ರೀತಿ. ಲೈಫ್‌ಸನ್ ತಂತಿಯನ್ನು ಒತ್ತದೆ ಮೆಲ್ಲನೆ ಮುಟ್ಟಿ ಹೊರಡಿಸುವ ಗಂಟೆಯಂಥ ಸ್ವರಗಳಿಂದ ಹಾಡು ದೂರದಿಂದ ಹತ್ತಿರಕ್ಕೆ ಬರುತ್ತದೆ. ಹುಡುಗ ತೋಟದ ಕಡೆಗೆ ಪ್ರಯಾಣ ಮಾಡುವಾಗ ಗಿಟಾರ್ ಹಗುರಾಗಿ ಹೆಜ್ಜೆಯಿಡುತ್ತದೆ; ಕಾರಿನ ಹೊದಿಕೆ ತೆಗೆಯುವ ಹೊತ್ತಿಗೆ ಮೂರೂ ವಾದ್ಯಗಳು ಸದ್ದು ತಗ್ಗಿಸಿ ಕಾಯುತ್ತವೆ; ಎಂಜಿನ್ ಹೊತ್ತಿಕೊಂಡ ಮೇಲೆ ಗಾಳಿ, ಸೂರ್ಯನ ಬೆಳಕು, ಬೆಟ್ಟದ ಸುವಾಸನೆಗಳ ಸಾಲುಗಳನ್ನು ಗೆಡ್ಡಿ ಲೀ ಉಸಿರುಗಟ್ಟಿ ಹೇಳುವಾಗ ಬೇಸ್ ಗಿಟಾರಿಗೂ ಅದೇ ಉದ್ವೇಗ ಬರುತ್ತದೆ. ಬೆನ್ನಟ್ಟುವ ಭಾಗದಲ್ಲಿ ಲಯ ಬದಲಾಗುವ ಕ್ರಮವನ್ನು ಗಮನಿಸಿದರೆ ತಿರುವುಗಳು ಎಲ್ಲಿವೆ ಎಂದು ಕಣ್ಣು ಮುಚ್ಚಿಯೂ ಹೇಳಬಹುದು. ಕೊನೆಗೆ ಆರಂಭದ ಗಂಟೆಯ ಸ್ವರಗಳೇ ಮರಳಿ ಬಂದು, ಕ್ರಮೇಣ ಮರೆಯಾಗುತ್ತವೆ. ಆರು ನಿಮಿಷದ ಈ ಹಾಡಿನಲ್ಲಿ ಹೆಸರಿಟ್ಟು ಕರೆಯಬಹುದಾದ ಪಲ್ಲವಿಯೇ ಇಲ್ಲ. ಹಾಡು ಒಂದೇ ದಿಕ್ಕಿಗೆ ಮುನ್ನುಗ್ಗುತ್ತಲೇ ಇರುತ್ತದೆ. ಈ ಆಲ್ಬಮ್‌ನಿಂದ ಒಂದೇ ಹಾಡನ್ನು ಆರಿಸಿಕೊಳ್ಳಬೇಕೆಂದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ.

ಮೂರನೆಯದಾದ ‘ವೈವೈಝಡ್’ ಮಾತಿಲ್ಲದ ಕೃತಿ. ಟೊರಾಂಟೊ ನಗರದ ಪಿಯರ್ಸನ್ ವಿಮಾನ ನಿಲ್ದಾಣದ ಸಂಕೇತಾಕ್ಷರಗಳು ಇವು. ಪ್ರವಾಸದಿಂದ ಮನೆಗೆ ಮರಳುವ ಈ ಮೂವರಿಗೆ ತಮ್ಮ ಊರಿನ ಗುರುತು. ತಂತಿ ಸಂದೇಶಗಳಲ್ಲಿ ಬಳಸುತ್ತಿದ್ದ ಮೋರ್ಸ್ ಸಂಕೇತದಲ್ಲಿ ಆ ಮೂರು ಅಕ್ಷರಗಳನ್ನೇ ಪಿಯರ್ಟ್ ಕ್ರೋಟಲ್ ಎಂಬ ಪುಟ್ಟ ಲೋಹದ ತಾಳಗಳ ಮೇಲೆ ನುಡಿಸುವುದರಿಂದ ಕೃತಿ ಆರಂಭವಾಗುತ್ತದೆ. ಇದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಮೋರ್ಸ್‌ನಲ್ಲಿ ವೈ ಅಕ್ಷರಕ್ಕೆ ಒಂದು ಗೆರೆ, ಒಂದು ಚುಕ್ಕಿ, ಮತ್ತೆ ಎರಡು ಗೆರೆ. ಝಡ್‌ಗೆ ಎರಡು ಗೆರೆ, ಎರಡು ಚುಕ್ಕಿ. ಗೆರೆಗೆ ಎರಡು ಮಾತ್ರೆ, ಚುಕ್ಕಿಗೆ ಒಂದು ಮಾತ್ರೆ ಎಂದು ಹಿಡಿದರೆ ಪ್ರತಿಯೊಂದು ವೈಗೂ ಏಳು ಮಾತ್ರೆ, ಝಡ್‌ಗೆ ಆರು ಮಾತ್ರೆ, ಒಟ್ಟು ಇಪ್ಪತ್ತು. ಆ ಏಳರ ಒಳಹಂಚಿಕೆಯೂ ಮೂರು ಮತ್ತು ನಾಲ್ಕು. ‘ತಕಿಟ ತಕಧಿಮಿ’ ಎಂದು ಬಾಯಲ್ಲಿ ಹೇಳಿಕೊಂಡರೆ ವಿಮಾನ ನಿಲ್ದಾಣದ ಸಂಕೇತ ಅಚ್ಚುಕಟ್ಟಾಗಿ ಅದರೊಳಗೆ ಕೂರುತ್ತದೆ. ಎರಡು ಸಲ ‘ತಕಿಟ ತಕಧಿಮಿ’, ಆಮೇಲೆ ಒಂದು ‘ತಕಧಿಮಿ ತಕ’: ಇದೇ ಈ ಕೃತಿಯ ಮೊದಲ ಆವರ್ತ. ಬೇಸ್, ಗಿಟಾರ್, ಡ್ರಮ್ಸ್ ಮೂರೂ ಇದೇ ಲಯವನ್ನು ಹಿಡಿದು ಒಟ್ಟಿಗೆ ಧುಮುಕುವ ಕ್ಷಣದ ರಭಸ ಎಷ್ಟು ಸಲ ಕೇಳಿದರೂ ಕುಂದುವುದಿಲ್ಲ.

ಆ ಮೇಲಿನ ಭಾಗಗಳಲ್ಲಿ ಗಿಟಾರ್ ಮತ್ತು ಬೇಸ್ ಒಂದೇ ಧಾಟಿಯನ್ನು ಜೊತೆಜೊತೆಯಾಗಿ ನುಡಿಸುತ್ತವೆ. ಬೇಸ್ ಮತ್ತು ಡ್ರಮ್ಸ್ ಸರದಿಯ ಮೇಲೆ ಒಬ್ಬರಿಗೊಬ್ಬರು ಸವಾಲು ಹಾಕಿದಂತೆ ಸಣ್ಣ ತುಣುಕುಗಳನ್ನು ನುಡಿಸುತ್ತಾರೆ. ನಮ್ಮ ಕಛೇರಿಗಳ ತನಿ ಆವರ್ತನದಲ್ಲಿ ಮೃದಂಗ ಮತ್ತು ಘಟಗಳ ನಡುವೆ ನಡೆಯುವ ಸವಾಲು-ಜವಾಬನ್ನು ಬಲ್ಲವರಿಗೆ ಇದು ತೀರ ಪರಿಚಿತವಾದ ಸಂತೋಷ. ಅಷ್ಟರಲ್ಲಿ ಎಲ್ಲವೂ ನಿಂತು, ಸಿಂಥಸೈಜರಿನ ವಿಶಾಲವಾದ ಸ್ವರಗಳ ಮೇಲೆ ನಿಧಾನದ ಭಾಗವೊಂದು ತೆರೆದುಕೊಳ್ಳುತ್ತದೆ. ಊರಿಗೆ ಮರಳಿದವನ ನೆಮ್ಮದಿ ಅದರಲ್ಲಿದೆ. ಈ ಭಾಗ ಇಲ್ಲದಿದ್ದರೆ ‘ವೈವೈಝಡ್’ ಕೇವಲ ಕೈಚಳಕದ ಪ್ರದರ್ಶನವಾಗಿ ಉಳಿಯುವ ಅಪಾಯವಿತ್ತು. ನಾಲ್ಕೂವರೆ ನಿಮಿಷದೊಳಗೆ ಇಷ್ಟನ್ನು ಅಡಕಗೊಳಿಸಿದ ಈ ಕೃತಿ ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತ್ತು; ಪ್ರಶಸ್ತಿ ಮಾತ್ರ ‘ದ ಪೊಲೀಸ್’ ಎಂಬ ರಾಕ್ ತಂಡದ ಪಾಲಾಯಿತು.

ಮೊದಲ ಬದಿಯ ಕೊನೆಯ ಹಾಡು ‘ಲೈಮ್‌ಲೈಟ್’. ಹೆಸರು ಬಂದ ಮೇಲೆ ಅಪರಿಚಿತರು ಆಪ್ತರಂತೆ ಮೈಮೇಲೆ ಬೀಳುವುದನ್ನು ತಾಳಲಾರದ ಮನುಷ್ಯನ ಮಾತು ಇದು. ಪಿಯರ್ಟ್ ಸ್ವಭಾವತಃ ಸಂಕೋಚದವರಾಗಿದ್ದರು. ಅಭಿಮಾನಿಗಳನ್ನು ಭೇಟಿಯಾಗುವ ಕೂಟಗಳಿಂದ ಬದುಕಿನುದ್ದಕ್ಕೂ ದೂರ ಉಳಿದವರು. ಅಪರಿಚಿತನನ್ನು ಬಹುದಿನಗಳ ಗೆಳೆಯನೆಂದು ನಟಿಸಲಾರೆ ಎಂಬ ಅರ್ಥದ ಸಾಲನ್ನು ಅವರು ಬರೆದದ್ದು ದೂರಾಗಿ ಅಲ್ಲ, ತಮ್ಮ ಮಿತಿಯ ಪ್ರಾಮಾಣಿಕ ನಿವೇದನೆಯಾಗಿ. ಅದಕ್ಕೇ ಹಾಡಿನಲ್ಲಿ ಕಹಿಯಿಲ್ಲ. ಮುಖ್ಯ ಗಿಟಾರ್ ಧಾಟಿ ಇಲ್ಲಿಯೂ ಏಳರ ಎಣಿಕೆಯದು. ಆದರೆ ಅದು ಎಷ್ಟು ಸಲೀಸಾಗಿ ಹರಿಯುತ್ತದೆಯೆಂದರೆ ಬೆರಳು ಮಡಚಿ ಎಣಿಸಿದರೆ ಮಾತ್ರ ತಿಳಿಯುತ್ತದೆ. ಲೈಫ್‌ಸನ್ ಅವರ ಏಕವಾದನ ಈ ಆಲ್ಬಮ್‌ನ ಅತ್ಯಂತ ಮಾನವೀಯ ಕ್ಷಣ. ವೇಗದ ಮೋಹ ಬಿಟ್ಟು, ತಂತಿಗಳ ಬಿಗಿಯನ್ನು ಬದಲಿಸುವ ಟ್ರೆಮೊಲೊ ಬಾರ್ ಎಂಬ ಹಿಡಿಯನ್ನು ಒತ್ತಿ ಸ್ವರಗಳನ್ನು ಕೆಳಗಿಳಿಸಿ, ಎಳೆದು, ಮತ್ತೆ ಮೇಲೆತ್ತುತ್ತ, ಒಂಟಿತನವೆಂಬುದನ್ನು ಸಾಹಿತ್ಯಕ್ಕಿಂತ ಚೆನ್ನಾಗಿ ಅವರು ಹೇಳುತ್ತಾರೆ. ತಮ್ಮದೇ ಏಕವಾದನಗಳಲ್ಲಿ ಇದು ತಮಗೆ ಅಚ್ಚುಮೆಚ್ಚು ಎಂದು ಅವರೂ ಹೇಳಿಕೊಂಡಿದ್ದಾರೆ.

ಈ ನಾಲ್ಕರಲ್ಲಿ ತೆಗೆದುಹಾಕಬಹುದಾದ ಒಂದು ಕ್ಷಣವೂ ಇಲ್ಲ. ಇಪ್ಪತ್ತು ನಿಮಿಷಕ್ಕಿಂತ ತುಸು ಕಡಿಮೆ ಅವಧಿಯ ಈ ಬದಿ, ರಾಕ್ ಸಂಗೀತದಲ್ಲಿ ಎಲ್‌ಪಿಯ ಒಂದು ಬದಿಯನ್ನು ಹೇಗೆ ಜೋಡಿಸಬೇಕು ಎಂಬುದಕ್ಕೆ ಮಾದರಿಯಾಗಿದೆ. ಎರಡನೆಯ ಬದಿಯ ಬಗ್ಗೆ ಇಷ್ಟು ನಿಸ್ಸಂಶಯವಾಗಿ ಮಾತಾಡುವುದು ಕಷ್ಟ.

ಅದು ‘ದ ಕ್ಯಾಮೆರಾ ಐ’ಯಿಂದ ಆರಂಭವಾಗುತ್ತದೆ. ಅಮೆರಿಕದ ಕಾದಂಬರಿಕಾರ ಜಾನ್ ಡಾಸ್ ಪ್ಯಾಸೋಸ್ ತಮ್ಮ ಕೃತಿಗಳ ಕೆಲವು ಭಾಗಗಳಿಗೆ ಕೊಟ್ಟಿದ್ದ ಶೀರ್ಷಿಕೆಯೇ ಇದರ ಹೆಸರಿಗೆ ಮೂಲ. ಹನ್ನೊಂದು ನಿಮಿಷಕ್ಕೆ ಹತ್ತಿರವಿರುವ ಈ ಹಾಡಿನ ಮೊದಲರ್ಧ ನ್ಯೂಯಾರ್ಕ್ ನಗರವನ್ನೂ ಎರಡನೆಯ ಅರ್ಧ ಲಂಡನ್ನನ್ನೂ ನಡೆದಾಡುವವನ ಕಣ್ಣಿನಿಂದ ನೋಡುತ್ತದೆ. ಬೀದಿಯ ಸದ್ದುಗಳ ನಡುವಿನಿಂದ ಸಿಂಥಸೈಜರ್ ಮೇಲೇಳುತ್ತದೆ, ಡ್ರಮ್ಸ್ ಮೆಲ್ಲನೆ ಬಂದು ಸೇರುತ್ತದೆ, ಮೂರೂವರೆ ನಿಮಿಷ ಕಳೆದರೂ ದನಿ ಕೇಳಿಸುವುದಿಲ್ಲ. ಮೊದಲ ಬದಿಯಲ್ಲಿ ಒಂದು ಕ್ಷಣವನ್ನೂ ವ್ಯರ್ಥಮಾಡದ ತಂಡ ಇಲ್ಲಿ ಇದ್ದಕ್ಕಿದ್ದಂತೆ ತನ್ನ ಹಳೆಯ ವಿಸ್ತಾರಕ್ಕೆ ಮರಳುತ್ತದೆ. ನ್ಯೂಯಾರ್ಕ್ ಭಾಗದ ಮಟ್ಟಿಗೆ ಆ ವಿಸ್ತಾರ ಸಾರ್ಥಕ. ನಗರ ಎಚ್ಚರಗೊಳ್ಳುವುದಕ್ಕೆ ಸಮಯ ಬೇಕು, ಹಾಡು ಅದಕ್ಕೆ ಸಮಯ ಕೊಡುತ್ತದೆ. ಲಂಡನ್ ಭಾಗ ಮಾತ್ರ ಸಂಗೀತದಲ್ಲಿ ಮೊದಲರ್ಧವನ್ನೇ ಬಹುಮಟ್ಟಿಗೆ ಮರಳಿ ನುಡಿಸುತ್ತದೆ. ಎರಡು ನಗರಗಳ ಗುಣ ಬೇರೆಬೇರೆಯೆಂದು ಸಾಹಿತ್ಯ ಹೇಳುತ್ತಿರುವಾಗ ವಾದ್ಯಗಳಿಗೆ ಆ ವ್ಯತ್ಯಾಸ ಗೊತ್ತಾಗಿಲ್ಲ. ಇದು ಎರಡು ನಿಮಿಷ ಚಿಕ್ಕದಾಗಿದ್ದರೆ ಒಳ್ಳೆಯದಿತ್ತು ಎಂಬುದು ನನ್ನ ಅಭಿಪ್ರಾಯ. ಹತ್ತು ನಿಮಿಷ ಮೀರಿದ ಸ್ಟುಡಿಯೋ ಹಾಡನ್ನು ರಷ್ ಮತ್ತೆ ಮಾಡಲಿಲ್ಲ; ಈ ಹಾಡಿನಲ್ಲೇ ಆ ಅಧ್ಯಾಯ ಮುಗಿಯುತ್ತಿರುವುದು ಕೇಳಿಸುತ್ತದೆ.

‘ವಿಚ್ ಹಂಟ್’ ಹಾಡಿಗೆ ಅದಕ್ಕೆ ತಕ್ಕ ಮನ್ನಣೆ ಸಿಕ್ಕಿಲ್ಲ. ಮೊದಲ ಬದಿಯ ಬೆಳಕಿನ ನಂತರ ಬರುವ ಇದು ನಿಧಾನದ, ಕತ್ತಲೆಯ ಹಾಡು. ಪಂಜು ಹಿಡಿದು ಸೇರಿದ ಗುಂಪು, ತಾನೇ ನ್ಯಾಯವೆಂದು ನಂಬಿದ ಮುಖಗಳು, ಹೊರಗಿನಿಂದ ಬಂದವರ ಬಗ್ಗೆ, ಬೇರೆ ನಂಬಿಕೆಯವರ ಬಗ್ಗೆ, ಪುಸ್ತಕ ಮತ್ತು ರಂಗಮಂದಿರಗಳ ಬಗ್ಗೆ ಹಬ್ಬಿಸಿದ ಭಯ: ಪಿಯರ್ಟ್ ಅವರ ಸಾಹಿತ್ಯ ಈ ಆಲ್ಬಮ್‌ನಲ್ಲಿ ಅತ್ಯಂತ ಹರಿತವಾಗಿರುವುದು ಇಲ್ಲಿ. ಆರಂಭದಲ್ಲಿ ಕೇಳಿಸುವ ಗುಂಪಿನ ಗದ್ದಲವನ್ನು ಸ್ಟುಡಿಯೋದ ಹೊರಗೆ ಕೊರೆಯುವ ಚಳಿಯಲ್ಲಿ ಮುದ್ರಿಸಿದರು. ತಂಡದವರೂ ಅವರ ಸಹಾಯಕರೂ ಸೇರಿ ಕೂಗಾಡಿದ್ದನ್ನು ಪದರ ಪದರವಾಗಿ ಜೋಡಿಸಿ ಬೆರಳೆಣಿಕೆಯ ಜನರಿಂದ ದೊಡ್ಡದೊಂದು ಜನಜಂಗುಳಿಯನ್ನು ಕಟ್ಟಿದರು. ಮಾತು ಸ್ಪಷ್ಟವಾಗಿ ಕೇಳಿಸದೆ ಕೋಪ ಮಾತ್ರ ಕೇಳಿಸುವಂತೆ ಅದು ಮುದ್ರಣಗೊಂಡಿದೆ. ಗುಂಪಿನ ಕೋಪ ಹಾಗೆಯೇ ಇರುತ್ತದೆ. ಅದರ ಮೇಲೆ ಲೈಫ್‌ಸನ್ ಅವರ ಗಿಟಾರ್ ಹೆಜ್ಜೆ ಹೆಜ್ಜೆಯಾಗಿ ಮುಂದುವರಿಯುತ್ತದೆ. ಸಿಂಥಸೈಜರ್ ನುಡಿಸಿದವರಲ್ಲಿ ಆಲ್ಬಮ್‌ನ ಹೊದಿಕೆ ರೂಪಿಸಿದ ಹ್ಯೂ ಸೈಮ್ ಕೂಡ ಒಬ್ಬರು.

ಭಯವನ್ನು ಕುರಿತ ಹಾಡುಗಳ ಸರಣಿಯಲ್ಲಿ ಇದನ್ನು ಮೂರನೆಯ ಭಾಗ ಎಂದು ಗುರುತಿಸಲಾಗಿದೆ. ಎರಡನೆಯ ಭಾಗ 1982ರ ಆಲ್ಬಮ್‌ನಲ್ಲಿ, ಮೊದಲನೆಯದು 1984ರದರಲ್ಲಿ ಬಂದವು. ಹಿಂದುಮುಂದಾಗಿ ಕೇಳುವವರಿಗೆ ಇದೊಂದು ಸ್ವಾರಸ್ಯ. ಆದರೆ ಈ ಹಾಡು ತಾನೊಂದೇ ನಿಂತು ಪೂರ್ಣವಾಗಿದೆ. ತೀರ್ಪು ಕೊಡುವುದರಲ್ಲಿ ಆತುರ, ಅರಿತುಕೊಳ್ಳುವುದರಲ್ಲಿ ವಿಳಂಬ ಎಂಬ ಅರ್ಥದ ಅದರ ಕೊನೆಯ ಸಾಲುಗಳಲ್ಲಿ ಯಾವ ದೇಶದ, ಯಾವ ಕಾಲದ ಹೆಸರೂ ಇಲ್ಲ. ಬರೆದ ಕಾಲಕ್ಕೆ ಅಂಟಿಕೊಳ್ಳದ ಕಾರಣ ಅದು ಈಗಲೂ ಕುಟುಕುತ್ತದೆ.

ಕೊನೆಯ ಹಾಡು ‘ವೈಟಲ್ ಸೈನ್ಸ್’ ಸ್ಟುಡಿಯೋದಲ್ಲೇ ಕೊನೆಯ ಗಳಿಗೆಯಲ್ಲಿ ರೂಪುಗೊಂಡದ್ದು. ಸ್ವರಗಳನ್ನು ತಾನಾಗಿ ನುಡಿಸುವ ಸೀಕ್ವೆನ್ಸರ್ ಯಂತ್ರ ಚಿಮ್ಮಿಸುವ ಪುಟ್ಟ ಸ್ವರಗಳ ಸರಪಳಿ, ಜಮೈಕಾದ ರೆಗ್ಗೆ ಶೈಲಿಯಲ್ಲಿ ಎಣಿಕೆಯ ನಡುವೆ ಕತ್ತರಿಸಿ ಹಾಕಿದ ಗಿಟಾರ್ ಮೀಟುಗಳು, ಎಲೆಕ್ಟ್ರಾನಿಕ್ ಯಂತ್ರಗಳ ಪರಿಭಾಷೆಯಲ್ಲಿ ಮನುಷ್ಯರ ನಡುವಿನ ತಪ್ಪು ತಿಳುವಳಿಕೆಯನ್ನು ವಿವರಿಸುವ ಸಾಹಿತ್ಯ. ಅಂದಿನ ಅಭಿಮಾನಿಗಳಲ್ಲಿ ಕೆಲವರಿಗೆ ಇದು ರುಚಿಸದಿದ್ದರೆ ಆಶ್ಚರ್ಯವಿಲ್ಲ, ಏಕೆಂದರೆ ಇದು ಹಿಂದಿನ ರಷ್ ತಂಡದಂತೆ ಕೇಳಿಸುವುದೇ ಇಲ್ಲ. 1982ರ ‘ಸಿಗ್ನಲ್ಸ್’ ಆಲ್ಬಮ್‌ನಲ್ಲಿ ಸಿಂಥಸೈಜರ್ ಮುಂದಕ್ಕೆ ಬಂದು ಗಿಟಾರ್ ಹಿಂದಕ್ಕೆ ಸರಿಯಿತು. ಆ ಬದಲಾವಣೆಯ ಮುನ್ಸೂಚನೆ ಇಲ್ಲಿದೆ. ‘ಮೂವಿಂಗ್ ಪಿಕ್ಚರ್ಸ್’ ಅಷ್ಟು ಸಮತೂಕವಾಗಿ ಕೇಳಿಸುವುದಕ್ಕೆ ಅದು ಬಂದ ಗಳಿಗೆಯೂ ಒಂದು ಕಾರಣ: ಗಿಟಾರ್ ಇನ್ನೂ ತನ್ನ ಜಾಗ ಬಿಟ್ಟುಕೊಟ್ಟಿರಲಿಲ್ಲ, ಸಿಂಥಸೈಜರ್ ಆಗಲೇ ತನ್ನ ಜಾಗ ಹಿಡಿದಿತ್ತು. ಇದಾದ ಮೇಲೂ ತಂಡ ಒಳ್ಳೆಯ ಆಲ್ಬಮ್‌ಗಳನ್ನು ಮಾಡಿತು, ಆದರೆ ಈ ಸಮತೂಕ ಮತ್ತೆ ಇದೇ ಪ್ರಮಾಣದಲ್ಲಿ ಸಿಗಲಿಲ್ಲ.

ಗೆಡ್ಡಿ ಲೀ ಅವರ ದನಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ರಷ್ ತಂಡವನ್ನು ಒಲ್ಲೆ ಎನ್ನುವವರಲ್ಲಿ ಹೆಚ್ಚಿನವರು ಕೊಡುವ ಕಾರಣ ಅದೇ. ಎಪ್ಪತ್ತರ ದಶಕದ ಆಲ್ಬಮ್‌ಗಳಲ್ಲಿ ಅವರು ಬಹಳ ಮೇಲಿನ ಸ್ಥಾಯಿಯಲ್ಲಿ, ಕಿವಿ ಇರಿಯುವಂತೆ ಹಾಡುತ್ತಿದ್ದರು. ಇಲ್ಲಿ ಅವರು ಬಹುಪಾಲು ಕೆಳಗಿಳಿದು, ಮಾತಿಗೆ ಹತ್ತಿರವಾದ ಸ್ಥಾಯಿಯಲ್ಲಿ ಹಾಡಿದ್ದಾರೆ. ಕಿರುಚಾಟ ಅಗತ್ಯವಿದ್ದ ಒಂದೆರಡು ಕಡೆ ಮಾತ್ರ ಅದು ಬರುತ್ತದೆ. ಆ ದನಿ ಸಹಿಸಲಾರೆವೆಂದು ತಂಡವನ್ನೇ ಬದಿಗಿಟ್ಟವರು ಈ ಆಲ್ಬಮ್ ಮೂಲಕ ಮತ್ತೊಮ್ಮೆ ಪ್ರಯತ್ನಿಸಬೇಕು.

ಹೊದಿಕೆಯ ಚಿತ್ರ ಟೊರಾಂಟೊದ ಕ್ವೀನ್ಸ್ ಪಾರ್ಕ್‌ನಲ್ಲಿರುವ ಒಂಟಾರಿಯೋ ಶಾಸನಸಭೆಯ ಕಟ್ಟಡದ ಮೂರು ಕಮಾನುಗಳ ಮುಂದೆ ತೆಗೆದದ್ದು. ಕೆಂಪು ಉಡುಪಿನ ಕೂಲಿಗಳು ಚಿತ್ರಪಟಗಳನ್ನು ಹೊತ್ತು ಸಾಗಿಸುತ್ತಿದ್ದಾರೆ. ಪಕ್ಕದಲ್ಲಿ ನಿಂತವರು ಅವನ್ನು ನೋಡಿ ಕಣ್ಣೀರಿಡುತ್ತಿದ್ದಾರೆ. ಹೊದಿಕೆಯ ಹಿಂಬದಿಗೆ ತಿರುಗಿಸಿದರೆ ಇದೆಲ್ಲವನ್ನೂ ಸಿನಿಮಾ ತಂಡವೊಂದು ಚಿತ್ರೀಕರಿಸುತ್ತಿರುವುದು ಕಾಣುತ್ತದೆ. ಸಾಗಿಸುವ ಚಿತ್ರಗಳು, ಮನ ಕಲಕುವ ಚಿತ್ರಗಳು, ಚಲನಚಿತ್ರ: ಶೀರ್ಷಿಕೆಯ ಮೂರು ಅರ್ಥಗಳೂ ಒಂದೇ ದೃಶ್ಯದಲ್ಲಿ ಬಂದಿವೆ. ಇದನ್ನು ಫೋನಿನ ಪರದೆಯ ಮೇಲಿನ ಪುಟ್ಟ ಚೌಕದಲ್ಲಿ ನೋಡಿದರೆ ಏನೂ ಸಿಗುವುದಿಲ್ಲ. ಎಲ್‌ಪಿಯ ಅಗಲದ ಹೊದಿಕೆಯನ್ನೇ ಕೈಯಲ್ಲಿ ಹಿಡಿದು ನೋಡಬೇಕು.

ಯಾವ ಆವೃತ್ತಿ ಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಕೇಳುವವರ ಅಗತ್ಯವನ್ನು ಅವಲಂಬಿಸಿದೆ. ಏಳು ಹಾಡುಗಳು, ಸುಮಾರು ನಲವತ್ತು ನಿಮಿಷ: ಮೂಲ ಆಲ್ಬಮ್ ಇಷ್ಟೇ, ಮೊದಲ ಸಲ ಕೇಳುವವರಿಗೆ ಇಷ್ಟು ಸಾಕು. ಎರಡು ಬದಿಗಳ ಸ್ವಭಾವ ಬೇರೆಯಾದ್ದರಿಂದ, ನಡುವೆ ಎದ್ದು ಎಲ್‌ಪಿ ತಿರುಗಿಸಿ ಹಾಕುವ ಆ ಸಣ್ಣ ಬಿಡುವು ಈ ಆಲ್ಬಮ್‌ಗೆ ಒಪ್ಪುತ್ತದೆ. ಸ್ಟ್ರೀಮಿಂಗ್‌ನಲ್ಲಿ ಕೇಳುವವರು ‘ಲೈಮ್‌ಲೈಟ್’ ಮುಗಿದ ಮೇಲೆ ಒಂದು ನಿಮಿಷ ನಿಲ್ಲಿಸಿ ಮುಂದುವರಿದರೆ ‘ದ ಕ್ಯಾಮೆರಾ ಐ’ಯ ನಿಧಾನಗತಿ ಅಷ್ಟೊಂದು ಕಾಡುವುದಿಲ್ಲ. ಸುತ್ತುಧ್ವನಿಯ ವ್ಯವಸ್ಥೆಯುಳ್ಳವರಿಗೆ 2011ರ ಮೂವತ್ತನೆಯ ವರ್ಷದ ಆವೃತ್ತಿಯಲ್ಲಿ 5.1 ಮಿಶ್ರಣ ಲಭ್ಯ. 2022ರಲ್ಲಿ ಬಂದ ನಲವತ್ತನೆಯ ವರ್ಷದ ಆವೃತ್ತಿಯಲ್ಲಿ 1981ರ ಮಾರ್ಚ್‌ನಲ್ಲಿ ಟೊರಾಂಟೊದ ಮೇಪಲ್ ಲೀಫ್ ಗಾರ್ಡನ್ಸ್‌ನಲ್ಲಿ ನಡೆದ ಕಛೇರಿ ಪೂರ್ತಿಯಾಗಿ ಸೇರಿದೆ. ಆಲ್ಬಮ್ ಬಂದು ಎರಡು ತಿಂಗಳೂ ಆಗದಿದ್ದಾಗಿನ ಕಛೇರಿ ಅದು. ಕೈ, ಕಾಲು, ಕಂಠ ಮೂರನ್ನೂ ಒಟ್ಟಿಗೆ ದುಡಿಸುತ್ತ ಗೆಡ್ಡಿ ಲೀ ಬೇಸ್, ಕೀಬೋರ್ಡ್, ಪೆಡಲ್ ಸಿಂಥ್‌ಗಳನ್ನು ನಿಭಾಯಿಸುವುದನ್ನು ಕೇಳಿದರೆ, ಸ್ಟುಡಿಯೋದ ಈ ಹೆಣಿಗೆಯನ್ನು ಮೂರೇ ಜನ ವೇದಿಕೆಯ ಮೇಲೆ ಉಳಿಸಿಕೊಂಡದ್ದು ಮನದಟ್ಟಾಗುತ್ತದೆ. ಬೆಲೆ ಹೆಚ್ಚಾದರೂ, ಮೂಲ ಆಲ್ಬಮ್ ಆಗಲೇ ಬಾಯಿಪಾಠವಾಗಿರುವವರು ಈ ಆವೃತ್ತಿಯನ್ನು ಆ ಕಛೇರಿಗಾಗಿಯೇ ಕೊಳ್ಳಬಹುದು.